ಪ್ರಳಯಕ್ಕೆ ಸಿದ್ಧರಾಗಿ ಕುಳಿತ ಪಕ್ಕದ ಮನೆಯವರಿಗೆ

ಇಂದ: ಎಡಗಡೆ ಮನೆಯವನು, ಕೊವೆಂಟ್ರಿ, ಇಂಗ್ಲೆಂಡ್
ಇವರಿಗೆ: ಬಲಗಡೆ ಮನೆಯ ಯಜಮಾನರು, ಅದೇ ಬೀದಿ
ವಿಷಯ: ತಮ್ಮ ಅಂಗಳದಲ್ಲಿ ನಿಂತಿರುವ ಒಂಬತ್ತು ಟನ್ ತೂಕದ ಸ್ವತ್ತು

ಮಾನ್ಯರೇ,

ಈ ಪತ್ರ ಕನ್ನಡದಲ್ಲಿರುವುದಕ್ಕೆ ಭಾಷಾಭಿಮಾನ ಒಂದು ಕಾರಣ. ತಮಗೆ ಕನ್ನಡ ಬಾರದು ಎಂಬುದು ಇನ್ನೊಂದು, ನಿಜವಾದ ಕಾರಣ. ನೆರೆಯವರ ಮೇಲಿನ ಸಿಟ್ಟನ್ನು ಹವಾಮಾನದ ಮಾತಿನಲ್ಲಿ ಸುತ್ತಿ ಹೇಳಬೇಕೆಂದು ಈ ದೇಶಕ್ಕೆ ಬಂದ ಮೇಲೆ ಕಲಿತೆ. ತಮ್ಮೊಡನೆ ಅದಕ್ಕೂ ದಾರಿಯಿಲ್ಲ. "ಮಳೆ ಬರೋ ಹಾಗಿದೆ" ಎಂದರೆ ತಮ್ಮ ಮುಖ ಅರಳುತ್ತದೆ, "ಎಷ್ಟು ಬರಬಹುದು?" ಎಂದು ಆಸೆಯಿಂದ ಕೇಳುತ್ತೀರಿ.

ಹೊಗಳಿಕೆಯ ಭಾಗವನ್ನು ಮೊದಲೇ ಮುಗಿಸಿಬಿಡುತ್ತೇನೆ. ತಮ್ಮ ಅಂಗಳದಲ್ಲಿರುವ ಆಲ್ವಿಸ್ ಸ್ಟಾಲ್ವಾರ್ಟ್ ಎಂಬುದು ಕಂಡಕಂಡಲ್ಲಿ ಸಿಗುವ ಲಾರಿಯಲ್ಲ, ಒಪ್ಪಿದೆ. ಹುಟ್ಟಿದ್ದು ನಮ್ಮದೇ ಊರಿನ ಹೋಲಿಹೆಡ್ ರಸ್ತೆಯಲ್ಲಿ, 1960ರ ದಶಕದಲ್ಲಿ. ನೋಡಿದರೆ ಕಣ್ಣು ತಂಪಾಗುವಂಥ ಕಾರುಗಳನ್ನು ಕಟ್ಟುತ್ತಿದ್ದ ಆಲ್ವಿಸ್ ಕಂಪನಿ 1967ರಲ್ಲಿ ಕಾರುಗಳಿಗೆ ಕೈಮುಗಿಯಿತು. ಈ ಲಾರಿಯನ್ನು ಮಾತ್ರ ಬಿಡಲಿಲ್ಲ. ಸಲಾಡಿನ್ ಎಂಬ ಕವಚದ ಗಾಡಿ, ಸಾರಸೆನ್ ಎಂಬ ಸೈನಿಕರ ಗಾಡಿ ಇದರ ದಾಯಾದಿಗಳು. ಆರು ಚಕ್ರಕ್ಕೂ ಎಂಜಿನ್ನಿನ ಬಲವಿದೆ, ಮುಂದಿನ ನಾಲ್ಕಕ್ಕೆ ತಿರುಗುವ ವಿದ್ಯೆಯೂ ಬರುತ್ತದೆ. ಐದು ಟನ್ ಹೊರುತ್ತದೆ. ಸರಕಿನ ಹಾಸಿನ ಕೆಳಗೆ ರೋಲ್ಸ್-ರಾಯ್ಸ್‌ನವರ ಎಂಟು ಸಿಲಿಂಡರಿನ, ಆರೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಮಲಗಿದೆ. ಹೊಳೆ ಅಡ್ಡಬಂದರೆ ನೀರನ್ನು ಹಿಂದಕ್ಕೆ ಚಿಮ್ಮುವ ಎರಡು ಯಂತ್ರಗಳನ್ನು ಚಾಲೂ ಮಾಡಿಕೊಂಡು ದೋಣಿಯಾಗಿಬಿಡುತ್ತದೆ.

ಇಷ್ಟೆಲ್ಲ ಯಾಕೆ ಬೇಕಾಯಿತು ಎಂಬುದನ್ನು ತಾವೇ ಬೇಲಿಗೆ ಒರಗಿ ನನಗೆ ವಿವರಿಸಿದ್ದೀರಿ. ಪಶ್ಚಿಮ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಗೆ ಒಂದು ಚಿಂತೆ. ಸೋವಿಯತ್ ಟ್ಯಾಂಕುಗಳು ನುಗ್ಗಿ ಬಂದಾವು, ವೇಸರ್ ನದಿಯ ಸೇತುವೆಗಳು ಮುರಿದಾವು, ಆಗ ಆಚೆ ದಡದಲ್ಲಿರುವ ನಮ್ಮವರಿಗೆ ಮದ್ದುಗುಂಡು ಮುಟ್ಟಿಸಬೇಕಾದೀತು. ಟ್ಯಾಂಕುಗಳು ಬರಲಿಲ್ಲ. ಸೇತುವೆಗಳು ನಿಂತೇ ಇದ್ದವು. 1989ರಲ್ಲಿ ಮುರಿದದ್ದು ಬರ್ಲಿನ್ನಿನ ಗೋಡೆ, ಅದನ್ನು ದಾಟಲು ತೇಲುವ ಲಾರಿ ಬೇಕಿರಲಿಲ್ಲ. 1990ರ ದಶಕದ ಮೊದಲಲ್ಲೇ ಸೇನೆ ಸ್ಟಾಲ್ವಾರ್ಟುಗಳಿಂದ ಕೈತೊಳೆದುಕೊಂಡಿತು. ಸರ್ಕಾರ ಬೇಡವೆಂದು ಕೊಡವಿದ ಆ ಭಯವನ್ನು ತಾವು ರೊಕ್ಕ ಕೊಟ್ಟು ಮನೆಗೆ ತಂದಿರಿ.

ಈಗ ತಮಗೊಂದು ನದಿ ಬೇಕು. ಇಲ್ಲಿ ನನಗೆ ತಮ್ಮ ಮೇಲೆ ನಿಜವಾಗಿಯೂ ಕನಿಕರ ಬರುತ್ತದೆ. ಕೊವೆಂಟ್ರಿ ಇರುವುದು ಇಂಗ್ಲೆಂಡಿನ ಹೊಟ್ಟೆಯ ನಟ್ಟನಡುವೆ, ಯಾವ ಕಡಲಿಗೂ ದೂರ. ಪೇಟೆಯ ನಡುವೆ ಹಾಯುವ ನದಿ ಶೆರ್ಬರ್ನ್ ಒಂದೇ. ಅದನ್ನೂ ಅಲ್ಲಿ ಬಹುಪಾಲು ಕಾಂಕ್ರೀಟಿನ ಕೆಳಗೆ ಹೂತಿದ್ದಾರೆ. ನೀರಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಈಜಬಲ್ಲ ಗಾಡಿ ಕೊಂಡ ಮೇಲೆ ಮನುಷ್ಯ ಟಿವಿಯಲ್ಲಿ ಪ್ರವಾಹದ ಎಚ್ಚರಿಕೆ ಬಂದಾಗಲೆಲ್ಲ ತನ್ನ ಊರಿನ ಹೆಸರಿದೆಯೇ ಎಂದು ಹುಡುಕುವುದು, ಇಲ್ಲದಿದ್ದರೆ ಸಪ್ಪೆಯಾಗುವುದು ಸಹಜವೇ. ನಮ್ಮ ಕಡೆ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡುವ ಪದ್ಧತಿಯಿದೆ ಎಂದು ನಾನು ಬಾಯಿತಪ್ಪಿ ಹೇಳಿದ್ದಕ್ಕೆ, ಅದರ ವಿಧಿವಿಧಾನ ಬರೆದುಕೊಡಿ ಎಂದಿರಿ. ಕೊಡುವುದಿಲ್ಲ.

ಇನ್ನು ನನ್ನ ಮೆಂತ್ಯದ ಮಡಿಯ ವಿಚಾರ. ತಿರುವಿನಲ್ಲಿ ಒಂದೊಂದು ಚಕ್ರ ಒಂದೊಂದು ವೇಗದಲ್ಲಿ ಉರುಳಲೆಂದು ಬೇರೆ ಗಾಡಿಗಳ ಅಚ್ಚಿಗೆ ಡಿಫರೆನ್ಷಿಯಲ್ ಇಟ್ಟಿರುತ್ತಾರೆ. ತಮ್ಮದರಲ್ಲಿ ಎಡಬದಿಯ ಮೂರು ಚಕ್ರಗಳಿಗೆ ಒಂದೇ ಹಣೆಬರಹ, ಬಲಬದಿಯ ಮೂರಕ್ಕೆ ಇನ್ನೊಂದು. ಇಡೀ ಗಾಡಿಗೆ ನಡುವೆ ಒಂದೇ ಡಿಫರೆನ್ಷಿಯಲ್. ಕೆಸರಿನಲ್ಲಿ ಇದು ದೇವರ ವರ. ಚಕ್ರಗಳು ಅಷ್ಟಿಷ್ಟು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲ, ಹಾಗಾಗಿ ಒಳಗಿನ ಶಾಫ್ಟು, ಬೆವೆಲ್ ಗೇರುಗಳು ಬಿಗಿದುಕೊಳ್ಳುತ್ತ, ಸವೆಯುತ್ತ ಹೋಗುತ್ತವೆ. ಸೇನೆಯ ಚಾಲಕರು ದೂರ ಹೋಗುವಾಗ ನಡುನಡುವೆ ರೈಲು ಸ್ಲೀಪರುಗಳ ಮೇಲೋ ಒರಟು ನೆಲದ ಮೇಲೋ ಗಾಡಿ ಹತ್ತಿಸಿ ಈ ಬಿಗುವು ಬಿಡಿಸುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ರೈಲು ಸ್ಲೀಪರುಗಳಿಲ್ಲ. ನನ್ನ ಮನೆಯ ಮುಂದಿನ ಅಂಚುಗಲ್ಲಿದೆ, ಅದರ ಹಿಂದೆಯೇ ಮೆಂತ್ಯವಿದೆ. ಜಗತ್ತಿನ ಯಾವ ಹಳ್ಳಕ್ಕೂ ದಿಣ್ಣೆಗೂ ಹೆದರದ ಗಾಡಿ ಹೆದರುವುದು ಸಮತಟ್ಟಾದ ರಸ್ತೆಗೆ! ಭಾರತದಲ್ಲಾದರೆ ಬಿಗುವು ಬಿಡಿಸುವ ಸೌಕರ್ಯವನ್ನು ರಸ್ತೆಯಲ್ಲೇ ಒದಗಿಸಿರುತ್ತಾರೆ. ಇಲ್ಲಿಯವರಿಗೆ ಅಷ್ಟು ದೂರದೃಷ್ಟಿಯಿಲ್ಲ.

ತೇಲಬೇಕಾದ ಗಾಡಿಗೆ ಬಾಗಿಲಿಟ್ಟರೆ ನೀರು ನುಗ್ಗೀತೆಂದು ಬಾಗಿಲನ್ನೇ ಇಡಲಿಲ್ಲ. ಆದ್ದರಿಂದ ಹಾಲು ತರಲು ಹೊರಟ ತಾವು ಮೊದಲು ಚಕ್ರ ಹತ್ತಿ, ಅಲ್ಲಿಂದ ಚಾವಣಿಗೇರಿ, ಮುಚ್ಚಳ ತೆರೆದು, ಜೋಳ ತೆಗೆಯಲು ಹಗೇವಿಗೆ ಇಳಿಯುವವರ ಹಾಗೆ ಕಾಲು ಮೊದಲಾಗಿ ಒಳಗಿಳಿಯುತ್ತೀರಿ. ಚಾಲಕನ ಸೀಟು ನಡುಮಧ್ಯದಲ್ಲಿ. ತಮ್ಮ ಶ್ರೀಮತಿಯವರು ಒಮ್ಮೆ ಮದುವೆಗೆಂದು ಸಿಂಗರಿಸಿಕೊಂಡು, ಗರಿಯ ಟೋಪಿಯೊಂದಿಗೆ ಇದೇ ದಾರಿಯಲ್ಲಿ ಇಳಿದರು. ಟೋಪಿ ಹೊರಗೇ ಉಳಿಯಿತು. ಈಗ ಅವರು ಬಸ್ಸಿನಲ್ಲಿ ಓಡಾಡುತ್ತಾರೆ, ಮುಖದಲ್ಲಿ ಕಳೆ ಬಂದಿದೆ.

ಪೆಟ್ರೋಲಿನ ಮಾತು ಬೇಗ ಮುಗಿಸೋಣ. ಲೀಟರಿಗೆ ಒಂದೂವರೆ ಕಿಲೋಮೀಟರ್ ಆಸುಪಾಸು. ಬರ್ಮಿಂಗ್‌ಹ್ಯಾಮಿಗೆ ಹೋಗಿಬಂದರೆ ನಲವತ್ತು ಲೀಟರ್. ತಾವು ಬಂಕಿನಿಂದ ಹೊರಡುವಾಗ ಆ ಹುಡುಗ ಎದ್ದು ನಿಲ್ಲುವುದು ಸೇನೆಯ ಮೇಲಿನ ಗೌರವದಿಂದಲ್ಲ.

ನನಗೆ ನಿದ್ದೆಗೆಡಿಸುವ ವಿಚಾರ ಬೇರೆಯಿದೆ. ನಾನು ನನ್ನ 2012ರ ಡೀಸೆಲ್ ಕಾರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಕೈಮುಗಿಯಲು ಹೋದರೆ, ಹೊಗೆಯ ಪಾಪಕ್ಕೆ ದಿನಕ್ಕೆ 12.50 ಪೌಂಡ್ ಕಕ್ಕಬೇಕು. ತಾವು ಸ್ಟಾಲ್ವಾರ್ಟಿನಲ್ಲಿ ಅದೇ ಥೇಮ್ಸ್ ದಂಡೆಗೆ ಹೋದರೆ ಆ ಶುಲ್ಕವಿಲ್ಲ. ಏಕೆಂದರೆ ತಮ್ಮದು ಐತಿಹಾಸಿಕ ವಾಹನ. ರಸ್ತೆ ತೆರಿಗೆಯೂ ಮಾಫಿ. ಹದಿಹರೆಯದ ಹೊಗೆ ಮಾಲಿನ್ಯ, ಐವತ್ತು ದಾಟಿದ ಹೊಗೆ ಪರಂಪರೆ! ಕಾಯಕವೇ ಕೈಲಾಸ ಎಂಬ ತತ್ವದ ಬಸವಣ್ಣನ ಮುಂದೆ, ಹುಟ್ಟಿದಾಗಿನಿಂದ ಹುಟ್ಟಿದ ಉದ್ದೇಶದ ಕೆಲಸ ಒಂದು ದಿನವೂ ಮಾಡದ ಗಾಡಿಗೆ ಹೊಗೆಯ ಪಾಪ ಮಾಫಿ.

ಆರೇ ಚಕ್ರ ಬೇಕಿದ್ದರೆ ಸ್ವಿಸ್ ಸೇನೆ ಮಾರಿದ ಪಿನ್ಜ್‌ಗೌವರ್ 712 ತರಬಹುದಿತ್ತಲ್ಲ ಎಂದು ನಾನೇ ಸೂಚಿಸಿದ್ದೆ. ಆಸ್ಟ್ರಿಯದ ಗ್ರಾಜ್‌ನಲ್ಲಿ ಹುಟ್ಟಿದ ಸಣ್ಣ ಜೀವ, ಗಾಳಿಯಿಂದ ತಣಿಯುವ ಎರಡೂವರೆ ಲೀಟರಿನ ಎಂಜಿನ್, ಬಾಗಿಲು ಕೂಡ ಇದೆ. ಅದನ್ನು ರೂಪಿಸಿದ ಎರಿಕ್ ಲೆಡ್ವಿಂಕಾ ಅವರ ತಂದೆ ಹಾನ್ಸ್ ಲೆಡ್ವಿಂಕಾ. ಟಾಟ್ರಾ ಗಾಡಿಗಳಿಗೆ ನಡುಬೆನ್ನಿನ ಕೊಳವೆ ಕೊಟ್ಟವರು. ಆ ಕೊಳವೆಯ ವಂಶದ ಟಾಟ್ರಾ ಲಾರಿಗಳನ್ನೇ ಬೆಂಗಳೂರಿನ ಬೆಮೆಲ್ ನಮ್ಮ ಸೇನೆಗೆ ಒದಗಿಸಿತು. ಹಾಗಾಗಿ ಪಿನ್ಜ್‌ಗೌವರ್ ಬಂದಿದ್ದರೆ ದೂರದ ನೆಂಟನೆಂದು ಸಹಿಸಿಕೊಳ್ಳುತ್ತಿದ್ದೆ. ತಾವು ಕೇಳಿದ್ದು ಒಂದೇ ಪ್ರಶ್ನೆ: "ಅದು ತೇಲುತ್ತದೆಯೇ?"

ಈಗ ಪತ್ರದ ತುರ್ತಿಗೆ ಬರುತ್ತೇನೆ. ಬಿಡಿಭಾಗಗಳು ಸಿಗುವುದಿಲ್ಲ, ಅದಕ್ಕೇ ಇನ್ನೊಂದು ಸ್ಟಾಲ್ವಾರ್ಟ್ ನೋಡಿಟ್ಟಿದ್ದೇನೆ ಎಂದು ತಾವು ಮೊನ್ನೆ ಹೇಳಿದಿರಿ. ಅದು ಓಡುವುದಿಲ್ಲವಂತೆ, ತೇಲುವುದೂ ಇಲ್ಲವಂತೆ, ಬೆಲೆ ಮಾತ್ರ ಬಹಳ ಸೋವಿಯಂತೆ. ತಮ್ಮ ಅಂಗಳ ತುಂಬಿದೆ, ನನ್ನದು ಖಾಲಿ. ಆರು ಮೀಟರು ಚಿಲ್ಲರೆ ಉದ್ದ, ಎರಡೂವರೆ ಮೀಟರು ಚಿಲ್ಲರೆ ಅಗಲ, ಅಳೆದಾಗಿದೆ, ಸರಿಯಾಗಿ ಹಿಡಿಯುತ್ತದೆ ಎಂದಿರಿ. ತಾವು ಯಾವಾಗ ಅಳೆದಿರೋ ತಿಳಿಯದು.

ಮನೆಯಲ್ಲಿ ಚರ್ಚಿಸಿದೆವು. ಒಪ್ಪಿಗೆ ಇದೆ. ಬಾಡಿಗೆ ತಿಂಗಳ ಮೊದಲೇ ಕೊಡಬೇಕು. ಅಂಚುಗಲ್ಲು ತಾವೇ ಹಾಕಿಸಬೇಕು. ಹೊಸ ಮೆಂತ್ಯದ ಮಡಿ ಸರಕಿನ ಹಾಸಿನ ಮೇಲೆಯೇ ಮಾಡಿಕೊಳ್ಳುತ್ತೇವೆ, ಅಲ್ಲಿಗೆ ತಮ್ಮ ಚಕ್ರ ಹತ್ತಲಾರದು. ಕೊನೆಯ ಷರತ್ತು ನನ್ನ ಹೆಂಡತಿಯದು: ಮುಂದೊಂದು ದಿನ ಶೆರ್ಬರ್ನ್ ಉಕ್ಕಿ ಬೀದಿಗೆ ನೀರು ಬಂದೀತು, ಹೇಳಲಾಗದು, ಆಗ ಓಡುವ ಗಾಡಿಯಲ್ಲಿ ನಮಗೆ ನಾಲ್ಕು ಜಾಗ, ಕೊಯಮತ್ತೂರಿನಿಂದ ತಂದ ಗ್ರೈಂಡರಿಗೆ ಒಂದು ಜಾಗ ಕಾಯ್ದಿರಿಸಬೇಕು. ಐದು ಟನ್ ಹೊರುತ್ತದೆ ಎಂದು ತಾವೇ ಹೇಳಿದ್ದೀರಿ.

ಇಂತಿ ತಮ್ಮ ವಿಶ್ವಾಸಿ,
ಎಡಗಡೆ ಮನೆಯವನು