ಹಾಸಿದ ಎಲೆ, ಉಂಡ ಎಲೆ: ತಲಾ ವೆಚ್ಚಕ್ಕೊಂದು ಬಹಿರಂಗ ಪತ್ರ

ಎಕ್ಸೆಲ್ ಹಾಳೆಯ ಕಟ್ಟಕಡೆಯ ಸಾಲಿನಲ್ಲಿ, ದಪ್ಪಕ್ಷರದಲ್ಲಿ, ಹಳದಿ ಬಳಿಸಿಕೊಂಡು ವಿರಾಜಮಾನರಾಗಿರುವ ಶ್ರೀ ತಲಾ ವೆಚ್ಚ ಮಹಾಶಯರಿಗೆ,

ಉಭಯ ಕುಶಲೋಪರಿ ಸಾಂಪ್ರತ. ತಾವು ಕ್ಷೇಮವಾಗಿರುವುದರಲ್ಲಿ ಅನುಮಾನವಿಲ್ಲ. ಮೇನ್‌ಫ್ರೇಮಿನ ಮೇಲೆ ಲಿನಕ್ಸ್ ಓಡಿಸುವ ಪ್ರಸ್ತಾವ ಯಾವ ಕಂಪನಿಯ ಮೇಜಿಗೆ ಬಂದರೂ ಮೊದಲು ಆಗುವುದು ತಮ್ಮದೇ ದರ್ಶನ. 'ಒಂದು ವರ್ಚುವಲ್ ಸರ್ವರ್‌ಗೆ ಬೀಳುವುದು ಇಷ್ಟೇ' ಎಂದು ತಾವು ಅಪ್ಪಣೆ ಕೊಡಿಸಿದರೆ ಸಾಕು, ಹಣಕಾಸು ವಿಭಾಗದವರ ಮುಖ ಅರಳುತ್ತದೆ. ಆದರೆ ತಾವು ಹುಟ್ಟಿದ್ದು ಒಂದು ಭಾಗಾಕಾರದಿಂದ. ಮೇಲಿರುವ ಅಂಶ ಯಂತ್ರದ ಬೆಲೆ, ಕೆಳಗಿರುವ ಛೇದ ಸರ್ವರ್‌ಗಳ ಸಂಖ್ಯೆ. ಅಂಶದ ಬಗ್ಗೆ ತಿಂಗಳುಗಟ್ಟಲೆ ಚೌಕಾಸಿ ನಡೆಯುತ್ತದೆ. ಛೇದವನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ.

ಎಸ್/390 ಮೇನ್‌ಫ್ರೇಮಿನಲ್ಲಿ ಲಿನಕ್ಸ್ ಓಡಿಸಲು ಬೇಕಾದ ಕೋಡನ್ನು ಐಬಿಎಂ ಹೊರಬಿಟ್ಟದ್ದು 1999ರ ಡಿಸೆಂಬರಿನಲ್ಲಿ. ಮರುವರ್ಷವೇ ಒಂದು ಪ್ರಯೋಗದಲ್ಲಿ ಒಂದೇ ಮೇನ್‌ಫ್ರೇಮಿನೊಳಗೆ ಸುಮಾರು 41,400 ಲಿನಕ್ಸ್‌ಗಳು ಎದ್ದು ನಿಂತವು. ತಮ್ಮ ಪಾಲಿಗೆ ಅದು ಸುವರ್ಣಯುಗ. ಕೋಟಿ ಬೆಲೆಯ ಯಂತ್ರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ತಾವು ಟೀ-ಕಾಫಿ ಖರ್ಚಿನ ಮಟ್ಟಕ್ಕೆ ಇಳಿದುಬಿಡುತ್ತೀರಿ. ನಮ್ಮ ಕಡೆ ಮದುವೆ ಅಡುಗೆಯವರು ಎಲೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಹಾಸಿದ ಎಲೆ ಎಷ್ಟು, ಉಂಡೆದ್ದ ಎಲೆ ಎಷ್ಟು ಎಂದು ಹೆಣ್ಣಿನ ಕಡೆಯವರು ಎಣಿಸದೆ ಬಿಡುವುದಿಲ್ಲ. ಆ ಪ್ರಯೋಗ ಯಂತ್ರ ಎಷ್ಟು ಎಲೆ ತಡೆದೀತು ಎಂದು ನೋಡಿದ್ದೇ ಹೊರತು ಅಷ್ಟೂ ಜನಕ್ಕೆ ಹೊಟ್ಟೆ ತುಂಬ ಬಡಿಸಿದ್ದಲ್ಲ. ಇಂಥ ಲಿನಕ್ಸ್‌ಗಳನ್ನು ಸಂಭಾಳಿಸುವ ಝಡ್/ವಿಎಂ ಎಂಬ ಮೇಲ್ವಿಚಾರಕ ಎಲೆ ಹಾಸುವುದರಲ್ಲಿ ಪಳಗಿದ ಕೈ, ಒಪ್ಪೋಣ. ಅದರ ಪೂರ್ವಜ ವಿಎಂ/370 ಪ್ರಕಟವಾದದ್ದು 1972ರಲ್ಲಿ, ಲಿನಕ್ಸ್ ಹುಟ್ಟುವುದಕ್ಕೆ ಎರಡು ದಶಕ ಮೊದಲು. ನಿದ್ದೆ ಹೋದ ಸರ್ವರ್‌ಗಳನ್ನು ಒತ್ತೊತ್ತಾಗಿ ಮಲಗಿಸುವುದು ಅದಕ್ಕೆ ಸಲೀಸು. ತಿಂಗಳ ಕೊನೆಯ ದಿನ ಎಲ್ಲರೂ ಒಟ್ಟಿಗೆ ಎದ್ದು ಕೂತಾಗ ತಮ್ಮ ಬೆಲೆ ಏನಾಗುತ್ತದೆ ಎಂಬುದು ಮಾತ್ರ ಆ ಹಳದಿ ಸಾಲಿನಲ್ಲಿ ಇರುವುದಿಲ್ಲ.

ತಾವು ಒಂದೇ ಪಕ್ಷದ ಚಾಕರಿ ಮಾಡಿದವರೂ ಅಲ್ಲ. ವಿಂಡೋಸ್‌ಗಿಂತ ಲಿನಕ್ಸ್ ಹತ್ತು ಪಟ್ಟಿಗೂ ಹೆಚ್ಚು ದುಬಾರಿ ಎಂದು ಮೈಕ್ರೋಸಾಫ್ಟ್ ಜಾಹೀರಾತು ಕೊಟ್ಟಾಗ ಬೆನ್ನಿಗೆ ನಿಂತವರು ತಾವೇ. ಆ ಹೋಲಿಕೆಯಲ್ಲಿ ವಿಂಡೋಸ್ ಓಡಿದ್ದು ಎರಡು ಇಂಟೆಲ್ ಜಿಯಾನ್ ಚಿಪ್ಪುಗಳ ಸಾದಾ ಸರ್ವರ್ ಮೇಲೆ. ಲಿನಕ್ಸ್ ಓಡಿದ್ದು ಐಬಿಎಂನ ಝಡ್900 ಮೇನ್‌ಫ್ರೇಮಿನ ಮೇಲೆ. ಒಬ್ಬನನ್ನು ಸಿಟಿ ಬಸ್ಸಿನಲ್ಲಿ, ಇನ್ನೊಬ್ಬನನ್ನು ಆನೆ ಅಂಬಾರಿಯಲ್ಲಿ ಕಳಿಸಿ, ಎರಡನೆಯವನು ದುಂದುಗಾರ ಎಂದಂತಾಯಿತು. ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ 2004ರಲ್ಲಿ ಇದನ್ನು ದಾರಿತಪ್ಪಿಸುವ ಹೋಲಿಕೆ ಎಂದು ತೀರ್ಮಾನಿಸಿತು. ಲಿನಕ್ಸನ್ನು ಅಗ್ಗ ಎಂದು ತೋರಿಸಲೂ ಮೇನ್‌ಫ್ರೇಮ್, ದುಬಾರಿ ಎಂದು ತೋರಿಸಲೂ ಅದೇ ಮೇನ್‌ಫ್ರೇಮ್!

ಇದು ಸಾಧ್ಯವಾಗುವುದು ಆ ಯಂತ್ರದ ಬೆಲೆಗೂ ಅದರೊಳಗಿನ ಲೋಹಕ್ಕೂ ಸಂಬಂಧ ತೀರ ತೆಳುವಾಗಿರುವುದರಿಂದ. ಲಿನಕ್ಸ್‌ಗೆಂದೇ ಮಾರುವ ಐಎಫ್ಎಲ್ ಎಂಬ ಎಂಜಿನ್, ಅರ್ಥಾತ್ ಪ್ರೊಸೆಸರ್, ನೋಡಿ. ಪಕ್ಕದಲ್ಲಿ ಮೇನ್‌ಫ್ರೇಮಿನ ಸ್ವಂತ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್ ಓಡಿಸುವ ಎಂಜಿನ್‌ಗೂ ಇದಕ್ಕೂ ಚಿಪ್ಪು ಒಂದೇ. ಝಡ್/ಓಎಸ್ ಓಡಬಾರದೆಂದು ಮೈಕ್ರೋಕೋಡಿನಲ್ಲಿ ಬೀಗ ಜಡಿದಿರುತ್ತಾರೆ, ಅಷ್ಟೆ. ಬೀಗ ಹಾಕಿದ್ದಕ್ಕೆ ಬೆಲೆ ಇಳಿಯುತ್ತದೆ, ಝಡ್/ಓಎಸ್ ತಂತ್ರಾಂಶದ ತಿಂಗಳ ಬಿಲ್ಲಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯ ಎಂಜಿನ್‌ಗಳಲ್ಲಿ ಇನ್ನೂ ಒಂದು ಚಮತ್ಕಾರವಿದೆ: ಕಡಿಮೆ ದುಡ್ಡು ಕೊಟ್ಟವರಿಗೆ ಅದೇ ಚಿಪ್ಪನ್ನು ಬ್ರೇಕ್ ಒತ್ತಿಹಿಡಿದು ಕೊಡುತ್ತಾರೆ, ಮುಂದೆ ಹಣ ಕಟ್ಟಿದರೆ ಬ್ರೇಕ್ ಬಿಡುತ್ತಾರೆ. ಹೀಗಿರುವಾಗ ತಾವು ಅಳೆಯುತ್ತಿರುವುದು ಯಂತ್ರವನ್ನಲ್ಲ, ಕರಾರುಪತ್ರವನ್ನು.

ಉಳಿತಾಯ ನಿಜಕ್ಕೂ ಆಗಿದೆಯಲ್ಲ ಎನ್ನುವವರಿದ್ದಾರೆ. ಆಗಿದೆ, ಆದರೆ ಎಲ್ಲಿ? ಒರಾಕಲ್ ಡೇಟಾಬೇಸಿನ ಎಂಟರ್‌ಪ್ರೈಸ್ ಆವೃತ್ತಿಗೆ ಪಟ್ಟಿಬೆಲೆ ಒಂದು ಪ್ರೊಸೆಸರ್‌ಗೆ 47,500 ಡಾಲರ್ ಎಂದಿಟ್ಟುಕೊಳ್ಳಿ, ಅದರ ಮೇಲೆ ವರ್ಷಕ್ಕೆ ನೂರಕ್ಕೆ 22ರಷ್ಟು ಬೆಂಬಲ ಶುಲ್ಕ. ಇಂಟೆಲ್ ಕೋರ್ ಎರಡಕ್ಕೆ ಒಂದು ಲೈಸೆನ್ಸ್, ಮೇನ್‌ಫ್ರೇಮಿನ ಕೋರ್ ಒಂದಕ್ಕೇ ಒಂದು. ಅರೆನಿದ್ದೆಯಲ್ಲಿರುವ ನೂರು ಇಂಟೆಲ್ ಕೋರ್‌ಗಳಿಗೆ 50 ಲೈಸೆನ್ಸ್, ಅಂದರೆ 23,75,000 ಡಾಲರ್. ಆ ಕೆಲಸವನ್ನು ಹತ್ತು ಐಎಫ್ಎಲ್‌ಗೆ ಇಳಿಸಿದರೆ 4,75,000. ಹತ್ತೊಂಬತ್ತು ಲಕ್ಷ ಉಳಿಯಿತೆಂದು ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ನಿದ್ದೆ ಹೋದ ಆ ನೂರನ್ನೇ ಎಬ್ಬಿಸಿ ಇಪ್ಪತ್ತು ಇಂಟೆಲ್ ಕೋರ್‌ಗಳಲ್ಲಿ ಒಟ್ಟುಗೂಡಿಸಲು ಬಂದರೆ ಆಗಲೂ ಬೇಕಾಗುವುದು ಹತ್ತೇ ಲೈಸೆನ್ಸ್. ದುಡ್ಡು ಉಳಿಸಿದ್ದು ಸೋಮಾರಿ ಸರ್ವರ್‌ಗಳನ್ನು ಒಟ್ಟಿಗೆ ಕಟ್ಟಿದ ಕೆಲಸ. ಹಾರ ಬಿದ್ದದ್ದು ಮೇನ್‌ಫ್ರೇಮಿನ ಕೊರಳಿಗೆ.

ವಿದ್ಯುತ್ ಲೆಕ್ಕವೂ ಇದೇ ಜಾತಿಯದು. ಐದು ಲಿನಕ್ಸ್‌ಒನ್ ಎಂಪರರ್ 4 ಮೇನ್‌ಫ್ರೇಮುಗಳಿಗೆ ಸಾದಾ ಸರ್ವರ್‌ಗಳ ಕೆಲಸ ವರ್ಗಾಯಿಸಿದರೆ ನೂರಕ್ಕೆ 75ರಷ್ಟು ವಿದ್ಯುತ್ ಉಳಿದೀತು ಎಂದು ಐಬಿಎಂ 2022ರಲ್ಲಿ ಹೇಳಿತು. ಉಳಿದೀತು, ಐದೂ ಯಂತ್ರಕ್ಕೆ ಕೈತುಂಬ ಕೆಲಸವಿದ್ದರೆ. ವಿಶ್ವಾಸಾರ್ಹತೆಯ ವಾದ ಮಾತ್ರ ಗಟ್ಟಿಯಾದದ್ದು. ಕೋರ್ ಕೆಟ್ಟರೆ ಬದಲಿ ಕೋರ್ ತಾನೇ ಹೊಣೆ ಹೊರುತ್ತದೆ, ಮೆಮೊರಿಯ ಒಂದು ಚಾನೆಲ್ಲೇ ಸತ್ತರೂ ಕೆಲಸ ನಿಲ್ಲುವುದಿಲ್ಲ. ಬ್ಯಾಂಕಿನ ಖಾತೆಗಳು ಝಡ್/ಓಎಸ್‌ನಲ್ಲೇ ಇದ್ದು, ಅವನ್ನು ಓದುವ ಲಿನಕ್ಸ್ ಅದೇ ಪೆಟ್ಟಿಗೆಯಲ್ಲಿ ಕೂತು, ಹೊರಗಿನ ತಂತಿಯ ಗೊಡವೆಯಿಲ್ಲದೆ ಮೆಮೊರಿ ಮೂಲಕವೇ ಮಾತಾಡುವುದಾದರೆ ಆ ಖರ್ಚಿಗೆ ಅರ್ಥವಿದೆ. ಮೇನ್‌ಫ್ರೇಮ್ ಮನೆಯಲ್ಲಿ ಆಗಲೇ ಇರುವವರಿಗೆ ಇನ್ನೊಂದು ಐಎಫ್ಎಲ್ ಬಿಚ್ಚಿಸಿಕೊಳ್ಳುವುದು ಅಗ್ಗವೂ ಹೌದು. ಆದರೆ ಡೆವಲಪರ್ ಒಬ್ಬರು ಪರೀಕ್ಷೆಗೆಂದು ಎಬ್ಬಿಸಿ ಮರೆತುಬಿಟ್ಟ ಸರ್ವರ್‌ಗೂ ಅದೇ ರಾಜಭದ್ರತೆ ಕೊಟ್ಟು, ಆಮೇಲೆ ಅದನ್ನೂ ಛೇದಕ್ಕೆ ಸೇರಿಸಿ ತಮ್ಮನ್ನು ಸಣಕಲಾಗಿಸುವುದು ಯಾವ ನ್ಯಾಯ?

ಕೊನೆಗೆ ಜನರ ಸಂಬಳ. ತಮ್ಮ ಹಾಳೆಯಲ್ಲಿ ಅದು 'ಇತರೆ' ಎಂಬ ಮೂಲೆಯಲ್ಲಿ ಮುದುರಿಕೊಂಡಿರುತ್ತದೆ. ಝಡ್/ವಿಎಂನಡಿ ಲಿನಕ್ಸ್ ಹಾಕುವ ಹಳೆಯ ಕ್ರಮ ಹೀಗಿದೆ: ಕರ್ನಲ್ಲನ್ನು, 80 ಅಕ್ಷರದ ಸಾಲುಗಳಲ್ಲಿ ಬರೆದ ಸೂಚನೆಗಳ ಕಡತವನ್ನು, ಆರಂಭದ ಡಿಸ್ಕನ್ನು ಒಂದಾದಮೇಲೊಂದು ಪಂಚ್ ಮಾಡಿ ಕಾರ್ಡ್ ರೀಡರಿಗೆ ತುಂಬಬೇಕು, ಆಮೇಲೆ 00ಸಿ ವಿಳಾಸದಿಂದ ಎಬ್ಬಿಸಬೇಕು. ಕಾರ್ಡೂ ಇಲ್ಲ, ರೀಡರೂ ಇಲ್ಲ, ಎಲ್ಲ ಮಾಯೆ; ಆದರೂ ಶಾಸ್ತ್ರ ಬಿಡುವಂತಿಲ್ಲ. ಈ ಶಾಸ್ತ್ರ ಬಲ್ಲ ಪುರೋಹಿತರು ಬೆಂಗಳೂರಿನಲ್ಲಿ ಕೂತು ಅಮೆರಿಕದ ಹಗಲಿಗೆ ತಕ್ಕಂತೆ ರಾತ್ರಿ ಪಾಳಿ ಮಾಡುತ್ತಾರೆ. ಅವರ ದಕ್ಷಿಣೆಯನ್ನೂ ಒಮ್ಮೆ ಭಾಗಿಸಿ ನೋಡುವುದು.

ಇಂತಿ ನಮಸ್ಕಾರಗಳು.

ತಾ.ಕ.: ಮಾರೋಲೆ ಬರೆಯುವಾಗ ಛೇದವನ್ನೂ ಲಕೋಟೆಯೊಳಗೆ ಇಟ್ಟು ಕಳಿಸಿ. ಕಳೆದ ಸಲ ಭಾಗಲಬ್ಧ ಮಾತ್ರ ಬಂದಿತ್ತು.