ಅನ್‌ಲಾಕ್ ತಂಬಿ

ಫೋನಿಗೆ ಕಂಪನಿ ಹಾಕಿದ ಬೀಗವನ್ನು ಯಾರೂ ಕೇಳದಿದ್ದರೂ ಬಿಡಿಸಿಕೊಡುವ ಯುವಕನೇ ಅನ್‌ಲಾಕ್ ತಂಬಿ. ವಯಸ್ಸು ಹದಿನೆಂಟರಿಂದ ಇಪ್ಪತ್ತೆಂಟರೊಳಗೆ. ಓದು ಡಿಪ್ಲೊಮಾ ಅಥವಾ ಬಿ.ಇ., ಪಾಸಾಗದೆ ಉಳಿದ ಎರಡು ಪೇಪರ್ ಅರಿಯರ್ ಸಮೇತ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಎಲ್ಲ ಜಾತಿ, ಎಲ್ಲ ಭಾಷೆಯವರ ನಡುವೆಯೂ ಇವನು ಸಿಗುತ್ತಾನೆ. ನೇಕಾರ ದೇವಾಂಗರ ಬೀದಿಗಳಲ್ಲಿ ಸಿಗುವವನು ಮನೆಯೊಳಗೆ ಕನ್ನಡ ಆಡುತ್ತಾನೆ, ಹೊಸಿಲು ದಾಟಿದರೆ ತಮಿಳು, ಲ್ಯಾಪ್‌ಟಾಪ್ ಮುಂದೆ ಕೂತರೆ ಇವೆರಡೂ ಅಲ್ಲದ ಮೂರನೆಯದೊಂದು. ಕೊಯಮತ್ತೂರಿನ ಗಾಂಧಿಪುರಂ ಸುತ್ತಿನ ಮೊಬೈಲ್ ಅಂಗಡಿಯವರನ್ನೂ ಇವನನ್ನೂ ಒಂದೇ ಎಂದು ತಿಳಿಯಬಾರದು. ಅಂಗಡಿಯವನು ಕೆಟ್ಟ ಫೋನನ್ನು ದುಡ್ಡು ತೆಗೆದುಕೊಂಡು ಸರಿಮಾಡುತ್ತಾನೆ. ತಂಬಿ ಕೈಹಾಕುವುದು ಸರಿಯಾಗಿರುವ ಫೋನಿಗೆ, ಅದೂ ಪುಕ್ಕಟೆಯಾಗಿ.

ಈ ಜಾತಿಯ ಮನುಷ್ಯ ಇಲ್ಲಿ ಹುಲುಸಾಗಿ ಬೆಳೆಯುವುದಕ್ಕೆ ನೆಲದ ಗುಣವೂ ಕಾರಣ. ಕೊಯಮತ್ತೂರು ಪಂಪ್‌ಸೆಟ್ಟಿನ, ಮೋಟಾರಿನ, ವೆಟ್ ಗ್ರೈಂಡರಿನ ಊರು. ಇಲ್ಲಿ ಮೋಟಾರು ಸುಟ್ಟರೆ ಯಾರೂ ಎಸೆಯುವುದಿಲ್ಲ, ಬಿಚ್ಚಿ ಕಾಯಿಲ್ ಸುತ್ತಿಸುತ್ತಾರೆ. ಸೋಮನೂರಿನ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ನಿಂತರೆ ಕಂಪನಿಯ ಮೆಕ್ಯಾನಿಕ್ ಬರಲಿ ಎಂದು ಕಾಯುವ ಪದ್ಧತಿ ಇಲ್ಲ. ಸ್ಪ್ಯಾನರು ಎಲ್ಲರ ಮನೆಯಲ್ಲೂ ಇರುತ್ತದೆ, ಧೈರ್ಯ ಅದಕ್ಕಿಂತ ಒಂದು ಸೈಜು ದೊಡ್ಡದಿರುತ್ತದೆ. ಇಂಥ ಊರಿನಲ್ಲಿ ಹುಟ್ಟಿದ ಹುಡುಗನ ಕೈಗೆ, ಒಂದು ಸ್ಕ್ರೂ ಕೂಡ ಹೊರಗೆ ಕಾಣದ, ಒಳಗಿನ ತಂತ್ರಾಂಶಕ್ಕೂ ಬೀಗ ಬಿದ್ದಿರುವ ವಸ್ತು ಸಿಕ್ಕರೆ ಅವನಿಗೆ ಅದು ಅವಮಾನ ಮಾಡಿದಂತೆ.

ತಂಬಿಗೂ ಪೂರ್ವಜರಿದ್ದಾರೆ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನು ಹಂಚಿದಾಗ ಅದನ್ನು ಬೇರೆ ಕಂಪನಿಯ ಜಾಲಕ್ಕೆ ಹಾಕಲು ಆಗುವುದಿಲ್ಲ ಎಂದು ಕಂಡುಕೊಂಡ ಚಿಕ್ಕಪ್ಪಂದಿರು ಮೊದಲ ತಲೆಮಾರು. ಅವರು ಕಂಡುಕೊಂಡದ್ದು ಅಷ್ಟೇ, ಏನೂ ಮಾಡಲಾಗಲಿಲ್ಲ. 2008ರ ಆಗಸ್ಟ್‌ನಲ್ಲಿ ಏರ್‌ಟೆಲ್, ವೊಡಾಫೋನ್ ಮೂಲಕ ಐಫೋನ್ 3ಜಿ ಬಂದಾಗ ಬೆಲೆ 31,000 ರೂಪಾಯಿಯಿಂದ ಶುರುವಾಗುತ್ತಿತ್ತು. ಬೀಗವನ್ನೂ ಸೇರಿಸಿಯೇ ಕೊಡುತ್ತಿದ್ದರು, ಅದಕ್ಕೆ ಪ್ರತ್ಯೇಕ ದರವಿರಲಿಲ್ಲ. ಅಮೆರಿಕದಲ್ಲಿ ಫೋನಿನ ತಂತ್ರಾಂಶದ ಬೀಗ ಒಡೆಯುವುದು ತಪ್ಪೋ ಅಲ್ಲವೋ ಎಂಬ ಜಗಳ ಎದ್ದು, 2010ರಲ್ಲಿ ತಪ್ಪಲ್ಲ ಎಂಬ ವಿನಾಯಿತಿ ಸಿಕ್ಕಿತು. ಆ ಸುದ್ದಿ ಕೊಯಮತ್ತೂರಿಗೆ ಬರುವ ಹೊತ್ತಿಗೆ ಇಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆದಿರಲೇ ಇಲ್ಲ.

ತಂಬಿಯ ಸುವರ್ಣಯುಗ ಎಂದರೆ 2017, ಆ ವರ್ಷ ಜನವರಿಯಲ್ಲಿ ಬಂದ ರೆಡ್ಮಿ ನೋಟ್ 4. ಹತ್ತು ಸಾವಿರದೊಳಗೆ ಶುರುವಾಗುತ್ತಿದ್ದ ಈ ಫೋನು ಬೀದಿಗೆ ನಾಲ್ಕರಂತೆ ಬಂದಿಳಿಯಿತು. ಕಂಪನಿ ಇದಕ್ಕೆ ಆಂಡ್ರಾಯ್ಡ್ 7ರಿಂದ ಮುಂದಕ್ಕೆ ಕೊಡಲಿಲ್ಲ. ಆದರೆ ಬೀಗ ತೆಗೆದವರಿಗೆ ಲಿನಿಯೇಜ್ ಓಎಸ್ ಮುಂತಾದ ಹೊರಗಿನ ರಾಮ್‌ಗಳು, ಅಂದರೆ ಬೇರೆಯವರು ಸಿದ್ಧಪಡಿಸಿದ ಆಂಡ್ರಾಯ್ಡ್‌ಗಳು, ಹತ್ತನ್ನೂ ದಾಟಿ ಹೊಸ ಆವೃತ್ತಿಗಳನ್ನು ತಂದುಕೊಟ್ಟವು. ಇದನ್ನು ತಂಬಿಯ ಲೆಕ್ಕಕ್ಕೆ ನ್ಯಾಯವಾಗಿ ಬರೆಯಬೇಕು. ಕಂಪನಿ ಕೈಬಿಟ್ಟ ಮೇಲೆ ಗುಜರಿಗೆ ಹೋಗಬೇಕಿದ್ದ ಎಷ್ಟೋ ಫೋನುಗಳು ಇವನಿಂದಾಗಿ ಇನ್ನೂ ಮೂರು ದೀಪಾವಳಿ ಕಂಡವು.

ಇನ್ನು ಬೀಗದ ವಿಷಯ. ಫೋನು ಆನ್ ಆದೊಡನೆ ಎಲ್ಲಕ್ಕಿಂತ ಮೊದಲು ಏಳುವ ಚಿಕ್ಕ ತಂತ್ರಾಂಶಕ್ಕೆ ಬೂಟ್‌ಲೋಡರ್ ಎಂದು ಹೆಸರು. ಒಳಗಿರುವ ಆಂಡ್ರಾಯ್ಡ್ ಕಂಪನಿ ಸಹಿ ಹಾಕಿದ್ದೇ ಹೌದೋ ಎಂದು ನೋಡಿ, ಹೌದಾದರೆ ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಬೂಟ್‌ಲೋಡರ್ ಅನ್‌ಲಾಕ್ ಮಾಡುವುದೆಂದರೆ ಈ ಪರೀಕ್ಷೆಯನ್ನು ನಿಲ್ಲಿಸುವುದು. ಆಮೇಲೆ ಬೇರೆ ಆಂಡ್ರಾಯ್ಡ್ ಹಾಕಬಹುದು, ಅಥವಾ ಇದ್ದದ್ದರ ಮೇಲೆಯೇ ರೂಟ್, ಅಂದರೆ ಯಜಮಾನಿಕೆಯ ಪೂರ್ಣ ಹಕ್ಕು, ಪಡೆಯಬಹುದು.

ಕೆಲಸ ಎಷ್ಟು ಸುಲಭವೋ ಅಷ್ಟೇ ನಾಟಕೀಯ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬಲ್ಲಿ ಏಳು ಸಲ ಒತ್ತಿದರೆ ‘ಈಗ ನೀವು ಡೆವಲಪರ್’ ಎಂದು ಫೋನೇ ಘೋಷಿಸುತ್ತದೆ. ನಾಲ್ಕು ವರ್ಷದ ಬಿ.ಇ. ಕೊಡದ ಪದವಿಯನ್ನು ಏಳು ಒತ್ತು ಕೊಡುತ್ತದೆ ಎಂಬುದನ್ನು ತಂಬಿಯ ಅಪ್ಪ ಗಮನಿಸದೆ ಬಿಡುವುದಿಲ್ಲ. ಬಳಿಕ ಓಇಎಂ ಅನ್‌ಲಾಕಿಂಗ್ ಎಂಬ ಗುಂಡಿಯನ್ನು ಬಲಕ್ಕೆ ತಳ್ಳಬೇಕು, ಫೋನು ಆಫ್ ಮಾಡಿ ಪವರ್ ಮತ್ತು ವಾಲ್ಯೂಮ್ ಕೆಳಗಿನ ಗುಂಡಿಗಳನ್ನು ಒಟ್ಟಿಗೆ ಹಿಡಿಯಬೇಕು, ಕೇಬಲ್ ಹಾಕಬೇಕು. ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಇರುವುದು ಹೆಚ್ಚಾಗಿ ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದ ಲ್ಯಾಪ್‌ಟಾಪುಗಳಲ್ಲೊಂದು. ಅಕ್ಕನ ಹೆಸರಿಗೆ ಬಂದದ್ದು, ಬ್ಯಾಟರಿ ಸತ್ತದ್ದು. ಕರೆಂಟು ಹೋದರೆ ಲ್ಯಾಪ್‌ಟಾಪೂ ಹೋಗುತ್ತದೆ, ಅರ್ಧ ತುಂಬಿದ ಫೋನೂ ಅದರ ಹಿಂದೆಯೇ ಹೋಗುತ್ತದೆ.

ಕೆಲವು ಕಂಪನಿಗಳ ಫೋನಿಗೆ ಇಷ್ಟು ಸಾಕು, ಒಂದು ಸಾಲಿನ ಆದೇಶ ಟೈಪ್ ಮಾಡಿದರೆ ಬೀಗ ಬಿಟ್ಟಿತು. ರೆಡ್ಮಿ ತಯಾರಿಸುವ ಶಿಯೋಮಿಯದು ಹಾಗಲ್ಲ, ನಿಯಮ ಇನ್ನೂ ಬಿಗಿಯಾಗುವ ಮೊದಲಿನ ಮಾತಿದು. ಕಂಪನಿಯ ಖಾತೆಯನ್ನು ಫೋನಿಗೆ ಜೋಡಿಸಬೇಕು, ಅದೂ ವೈಫೈ ಬಿಟ್ಟು ಸಿಮ್ಮಿನ ಡೇಟಾದಲ್ಲಿ. ಆಮೇಲೆ ವಿಂಡೋಸ್‌ನಲ್ಲಿ ಅವರದೇ ತಂತ್ರಾಂಶ ತೆರೆದರೆ, ಪಟ್ಟಿ ಶೇಕಡಾ 99ರವರೆಗೆ ಓಡಿಹೋಗಿ ನಿಂತು, 168 ಗಂಟೆ ಬಿಟ್ಟು ಬನ್ನಿ ಎನ್ನುತ್ತದೆ. ಅವಸರಪಟ್ಟು ಖಾತೆಯನ್ನು ಮತ್ತೊಮ್ಮೆ ಜೋಡಿಸಿದರೆ ಎಣಿಕೆ ಮೊದಲಿಂದ. ಯೋಚಿಸಿ ಮನಸ್ಸು ಬದಲಿಸಲು ಸಾಕಷ್ಟು ಅವಧಿ ಇದು. ಆದರೆ ಫೋನಿನ ಒಡೆಯ ಯೋಚಿಸುವುದಿಲ್ಲ, ಏಕೆಂದರೆ ಅವನಿಗೆ ಏನಾಗುತ್ತಿದೆ ಎಂದೇ ಗೊತ್ತಿರುವುದಿಲ್ಲ. ತಂಬಿಯೂ ಯೋಚಿಸುವುದಿಲ್ಲ, ಆ ಏಳು ದಿನ ಅವನು ಯಾವ ರಾಮ್ ಹಾಕುವುದೆಂದು ಆರಿಸುತ್ತಿರುತ್ತಾನೆ.

ಒಡೆಯ ಸಾಮಾನ್ಯವಾಗಿ ಸೋದರಮಾವ. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವನು. ಎಂಟನೆಯ ದಿನ ರಾತ್ರಿ ಊಟವಾದ ಮೇಲೆ ಮಗ್ಗದ ಪಕ್ಕ ಚಾಪೆ ಹಾಸಿ ಕಾರ್ಯಕ್ರಮ ನಡೆಯುತ್ತದೆ. ಫೋನಿನ ಪರದೆಯ ಮೇಲೆ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡ ಮೊಲವೊಂದು ಹಸಿರು ಆಂಡ್ರಾಯ್ಡ್ ಗೊಂಬೆಯನ್ನು ರಿಪೇರಿ ಮಾಡುತ್ತಿರುವ ಚಿತ್ರ ಬರುತ್ತದೆ. ಅತ್ತೆಗೆ ಅದು ಶುಭಶಕುನವಾಗಿ ಕಾಣುವುದಿಲ್ಲ.

“ಮಾವ, ಬ್ಯಾಕಪ್ ತಗೊಂಡಿದ್ದೀರಾ?”

“ಅದು ಯಾವ ಅಂಗಡೀಲಿ ಸಿಗುತ್ತಪ್ಪಾ?”

ಈ ಪ್ರಶ್ನೋತ್ತರ ನಡೆಯುವುದು ತಂಬಿ ಎಂಟರ್ ಒತ್ತಿದ ಮೇಲೆ. ಬೂಟ್‌ಲೋಡರ್ ತೆರೆದುಕೊಳ್ಳುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇದು ತಾಂತ್ರಿಕ ದೋಷವಲ್ಲ, ಬೇಕೆಂದೇ ಇಟ್ಟದ್ದು: ಕದ್ದವನು ಬೀಗ ತೆಗೆದು ಒಳಗಿನದನ್ನು ಓದಬಾರದು ಎಂದು. ಮಾವನ ಫೋನಿನಿಂದ ಹೋಗುವುದರಲ್ಲಿ ಮೊಮ್ಮಗಳ ಕಿವಿ ಚುಚ್ಚಿದ ಫೋಟೋಗಳಿಗೆ ಅತ್ತೆ ಅಳುತ್ತಾಳೆ. ಮಾವ ಅಳುವುದು ವ್ಯಾಪಾರಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ ಸೆರಗಿನ ಡಿಸೈನಿಗೆ. ಹಾಸು ಮಗ್ಗದ ಮೇಲೆ ಏರಿದೆ, ಅರ್ಧ ಸೀರೆ ನೇಯ್ದಾಗಿದೆ, ಮಿಕ್ಕಿದ್ದು ಹೇಗಿರಬೇಕೆಂಬ ಚಿತ್ರ ಇನ್ನಿಲ್ಲ. ವ್ಯಾಪಾರಿಗೆ ಫೋನ್ ಮಾಡಿ ಕೇಳೋಣವೆಂದರೆ ಅವನ ನಂಬರೂ ಅದರಲ್ಲೇ ಇತ್ತು. ತಂಬಿ ಮಾತ್ರ ಪರದೆಯ ಮೇಲೆ ಹೊಸದಾಗಿ ಮೂಡಿದ ತೆರೆದ ಬೀಗದ ಪುಟ್ಟ ಚಿತ್ರವನ್ನು ತೋರಿಸಿ, “ಮುಗೀತು ಮಾವ, ಈಗ ಫೋನು ನಿಮ್ದು” ಎನ್ನುತ್ತಾನೆ. ಬಿಲ್ಲು ಇಟ್ಟುಕೊಂಡಿರುವ ಮಾವನಿಗೆ ಅದು ಇಷ್ಟು ದಿನ ಯಾರದಾಗಿತ್ತು ಎಂಬುದು ಅರ್ಥವಾಗುವುದಿಲ್ಲ.

ಅಪಾಯಗಳೆಲ್ಲ ಶುರುವಾಗುವುದು ಬೆಳಗಿನ ಟೀ ಅಂಗಡಿಯಲ್ಲಿ. ಟೀ ಕುಡಿದು, ತೇಂಗಾಯ್ ಬನ್ ತಿಂದು, ಕ್ಯೂಆರ್ ಚೀಟಿಗೆ ಫೋನು ಹಿಡಿದರೆ ಪಾವತಿಯ ಆ್ಯಪ್ ತೆರೆಯಲು ಒಪ್ಪುವುದಿಲ್ಲ. ಬ್ಯಾಂಕಿನ ಆ್ಯಪುಗಳು ಫೋನು ಕಂಪನಿ ಕೊಟ್ಟ ಸ್ಥಿತಿಯಲ್ಲೇ ಇದೆಯೇ ಎಂದು ಗೂಗಲ್ಲನ್ನು ಕೇಳುತ್ತವೆ. ಈ ತಪಾಸಣೆಗೆ ಮೊದಲು ಸೇಫ್ಟಿನೆಟ್ ಎಂಬ ಹೆಸರಿತ್ತು, ಈಗ ಪ್ಲೇ ಇಂಟೆಗ್ರಿಟಿ. ತೆರೆದ ಬೀಗ ಕಂಡರೆ ಗೂಗಲ್ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಮಾವ ಟೀ ಅಂಗಡಿಯಿಂದಲೇ ಯಾರದೋ ಫೋನು ಇಸಿದುಕೊಂಡು ತಂಬಿಗೆ ಕರೆ ಮಾಡುತ್ತಾನೆ. ತಂಬಿ ಬಂದು ಮ್ಯಾಜಿಸ್ಕ್ ಎಂಬ ರೂಟ್ ಕೊಡುವ ತಂತ್ರಾಂಶ ಹಾಕುತ್ತಾನೆ, ಅದರ ಮೇಲೊಂದು ಮಾಡ್ಯೂಲ್ ಹಾಕುತ್ತಾನೆ, ಬೀಗ ಹಾಕಿಯೇ ಇದೆ ಎಂದು ಫೋನಿಗೆ ಸುಳ್ಳು ಹೇಳಲು ಕಲಿಸುತ್ತಾನೆ. ಸುಳ್ಳು ಮುಂದಿನ ಅಪ್ಡೇಟಿನವರೆಗೆ ನಡೆಯುತ್ತದೆ. ಅಲ್ಲಿಗೆ ಮಾವನ ಮೇಲಿದ್ದ ಕಂಪನಿಯ ಹಿಡಿತ ತಂಬಿಯ ಕೈಗೆ ಬಂತು, ತಂಬಿಯ ಮೇಲೆ ಮಾವನ ಹಿಡಿತವೂ ಕೂತಿತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಸಿಗುತ್ತಿದ್ದವರು ಈಗ ಆ್ಯಪ್ ಕೈಕೊಟ್ಟಾಗಲೆಲ್ಲ ಭೇಟಿಯಾಗುತ್ತಾರೆ.

ಮ್ಯಾಜಿಸ್ಕ್ ಮಾಡಿದ ಜಾನ್ ವು ಎಂಬ ತೈವಾನಿನ ಯುವಕನ ಕಥೆಯನ್ನು ತಂಬಿ ಹೇಳುವಾಗ ಸ್ವರ ಸ್ವಲ್ಪ ಕುಗ್ಗುತ್ತದೆ. 2016ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದನ್ನು ಹೊರತಂದವನು 2021ರಲ್ಲಿ ಗೂಗಲ್ಲಿನ ಆಂಡ್ರಾಯ್ಡ್ ಭದ್ರತಾ ತಂಡವನ್ನೇ ಸೇರಿದ. ಆಮೇಲಿನ ಆವೃತ್ತಿಯಲ್ಲಿ, ರೂಟ್ ಆದದ್ದನ್ನು ಬ್ಯಾಂಕಿನ ಆ್ಯಪುಗಳಿಂದ ಮುಚ್ಚಿಡುವ ಭಾಗವನ್ನು ಕಿತ್ತುಹಾಕಿದ. ಕನ್ನಗತ್ತರಿ ಮಾಡುವವನನ್ನು ಪೊಲೀಸ್ ಇಲಾಖೆ ಕೆಲಸಕ್ಕೆ ತೆಗೆದುಕೊಂಡ ಹಾಗೆ.

ಉಳಿದ ನಷ್ಟಗಳು ಬಿಡಿಬಿಡಿಯಾಗಿ ಬೆಳಕಿಗೆ ಬರುತ್ತವೆ. ಅನೇಕ ಫೋನುಗಳಲ್ಲಿ ಬೀಗ ತೆಗೆದೊಡನೆ ಸಿನಿಮಾ ಆ್ಯಪುಗಳು ನಂಬಿಕೆ ಕಳೆದುಕೊಂಡು ಚಿತ್ರವನ್ನು ಮಸುಕಾಗಿ ತೋರಿಸುತ್ತವೆ. ಕಂಪನಿಯ ಕ್ಯಾಮರಾ ಆ್ಯಪ್ ಹೊರಗಿನ ರಾಮ್‌ನಲ್ಲಿ ಇರುವುದಿಲ್ಲವಾಗಿ ಫೋಟೋ ಕಳೆಗುಂದುತ್ತದೆ. ರೇಷ್ಮೆಯ ಬಣ್ಣ ತೋರಿಸಿ ಮಾರುವವನಿಗೆ ಇದು ಸಣ್ಣ ವಿಷಯವಲ್ಲ. ಸ್ಯಾಮ್‌ಸಂಗ್ ಫೋನುಗಳ ಒಳಗೆ ನಾಕ್ಸ್ ಎಂಬ ವ್ಯವಸ್ಥೆಗೆ ಸೇರಿದ ಒಂದು ಸೂಕ್ಷ್ಮ ಫ್ಯೂಸ್ ಇದೆ. ಹೊರಗಿನ ತಂತ್ರಾಂಶ ಹಾಕಿದರೆ ಅದು ಸುಟ್ಟುಹೋಗುತ್ತದೆ. ಮತ್ತೆ ಎಂದೂ ಸರಿಯಾಗದು, ಸೆಕ್ಯೂರ್ ಫೋಲ್ಡರ್ ಮತ್ತೆ ತೆರೆಯದು. ಎಲ್ಲ ಕಾಯಿಲನ್ನೂ ಸುತ್ತಿಸುವ ಊರಿಗೆ, ಮತ್ತೆ ಹಾಕಲಾಗದ ಫ್ಯೂಸ್ ಎಂಬ ಕಲ್ಪನೆಯನ್ನು ಜೀರ್ಣಿಸಿಕೊಳ್ಳುವುದು ಕಷ್ಟ. ರೂಟ್ ಆದ ಫೋನಿನಲ್ಲಿ ಹಕ್ಕು ಪಡೆದ ಕೆಟ್ಟ ಆ್ಯಪ್ ಒಂದೇ ಒಂದು ಸೇರಿಕೊಂಡರೂ ಮಿಕ್ಕ ಎಲ್ಲ ಆ್ಯಪುಗಳ ಅಡುಗೆಮನೆಯವರೆಗೆ ಹೋಗಬಲ್ಲದು. ರಾಮ್ ಮಾಡಿದವರು ಯಾರೆಂದು ಕೇಳಿದರೆ ತಂಬಿಗೆ ಅವರ ಅಡ್ಡಹೆಸರು ಮಾತ್ರ ಗೊತ್ತು. ಸಾಲ ಕೊಡುವಾಗ ಮೂರು ತಲೆಮಾರು ವಿಚಾರಿಸುವ ಮಾವ ಇಲ್ಲಿ ಏನೂ ವಿಚಾರಿಸುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಬ್ರಿಕ್, ಅಂದರೆ ಫೋನು ಪೂರ್ತಿ ಸಾಯುವುದು. 2018ರಲ್ಲಿ ರೆಡ್ಮಿ ನೋಟ್ 5 ಪ್ರೊ ಫೋನಿನಲ್ಲಿ ಹಳೆಯ ಆವೃತ್ತಿಗೆ ಹಿಂದಿರುಗದಂತೆ ತಡೆಯುವ ವ್ಯವಸ್ಥೆ ಬಂತು. ತಿಳಿಯದೆ ಹಳೆಯದನ್ನು ತುಂಬಿದವರ ಫೋನು ಅಲ್ಲೇ ಕಪ್ಪಾಯಿತು. ಅದನ್ನು ಎಬ್ಬಿಸಲು ಹಿಂಬದಿ ಬಿಚ್ಚಿ, ಬೋರ್ಡಿನ ಮೇಲಿನ ಎರಡು ಚುಕ್ಕೆಗಳನ್ನು ಚಿಮಟದಿಂದ ಮುಟ್ಟಿಸಿ, ಮೇಲಾಗಿ ಕಂಪನಿ ಅಧಿಕಾರ ಕೊಟ್ಟ ಖಾತೆಯಿಂದ ತುಂಬಬೇಕು. ತಂಬಿಯ ಹತ್ತಿರ ಚಿಮಟ ಇರುತ್ತದೆ.

ತಿರುಪ್ಪೂರಿನ ಕಡೆ ಈ ಬಗೆಯ ಇನ್ನೊಂದು ಕವಲು ಇದೆ, ಅದನ್ನು ತಂಬಿಯ ಖಾತೆಗೆ ಸೇರಿಸುವುದು ನ್ಯಾಯವಲ್ಲ. ಬನಿಯನ್ ಕಂಪನಿಗಳಿಗೆ ಒಡಿಶಾ, ಬಿಹಾರಗಳಿಂದ ಬಂದ ಕೆಲಸಗಾರರು ಕಂತಿನಲ್ಲಿ ಫೋನು ಕೊಂಡಾಗ ಸಾಲ ಕೊಟ್ಟವರು ಒಂದು ಬೀಗದ ಆ್ಯಪ್ ಹಾಕಿರುವುದುಂಟು. ಕಂತು ತಪ್ಪಿದರೆ ಪರದೆ ಮುಚ್ಚುತ್ತದೆ. ಅದನ್ನು ತೆಗೆದುಕೊಡು ಎಂದು ಬರುವವರೂ ಇದ್ದಾರೆ, ಗೂಗಲ್ ಖಾತೆಯಲ್ಲಿ ಸಿಕ್ಕಿಕೊಂಡ, ಬಿಲ್ಲಿಲ್ಲದ ಫೋನು ತರುವವರೂ ಇದ್ದಾರೆ. ತಂಬಿ ಇಲ್ಲಿ ಕೈ ಮುಗಿಯುತ್ತಾನೆ. ಕದ್ದ ಫೋನನ್ನು ದೇಶದಾದ್ಯಂತ ತಡೆಹಿಡಿಯುವ ಸಿಇಐಆರ್ ವ್ಯವಸ್ಥೆ 2023ರಿಂದ ಎಲ್ಲ ರಾಜ್ಯಗಳಲ್ಲೂ ಇದೆ. ಫೋನಿನ ಗುರುತಾದ ಐಎಂಇಐ ಸಂಖ್ಯೆ ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಅರಿಯರ್ ಫೀಸು ಕಟ್ಟಲು ಒದ್ದಾಡುವವನಿಗೆ 50 ಲಕ್ಷದ ಅಂಕಿ ಒಂದು ಸಲ ಓದಿದರೆ ಸಾಕು.

ಈಚೆಗೆ ಈ ಸಂತತಿ ಕ್ಷೀಣಿಸುತ್ತಿದೆ. ವಿವೊದಂಥವರು ಬಾಗಿಲು ತೆರೆದಿದ್ದೇ ಇಲ್ಲ. ಶಿಯೋಮಿ ಹೈಪರ್ ಓಎಸ್ ಎಂಬ ತನ್ನ ಹೊಸ ತಂತ್ರಾಂಶ ಬಂದ ಮೇಲೆ ನಿಯಮ ಬಿಗಿಮಾಡಿತು. 2025ರಲ್ಲಿ ಸ್ಯಾಮ್‌ಸಂಗ್ ತನ್ನ ತಂತ್ರಾಂಶವಾದ ಒನ್ ಯುಐ 8ರಲ್ಲಿ ಅನ್‌ಲಾಕ್ ಗುಂಡಿಯನ್ನೇ ತೆಗೆಯಿತು. ಕಂಪನಿಗಳೇ ಆರೇಳು ವರ್ಷ ಅಪ್ಡೇಟ್ ಕೊಡುತ್ತೇವೆ ಎನ್ನತೊಡಗಿದ ಮೇಲೆ ತಂಬಿಯ ವಾದದ ಗಟ್ಟಿ ಕಂಬವೂ ಅಲುಗಿತು.

ಕೊನೆಗೆ ಅವನಿಗೆ ಸರವಣಂಪಟ್ಟಿಯ ಐಟಿ ಕಂಪನಿಯೊಂದರಲ್ಲಿ ಕೆಲಸ ಸಿಗುತ್ತದೆ. ಮೊದಲ ದಿನವೇ ಆಫೀಸಿನ ಮೇಲ್ ಹಾಕಲು ಹೋದರೆ, ಬೀಗ ತೆರೆದ ಫೋನಿಗೆ ಪ್ರವೇಶವಿಲ್ಲ ಎಂಬ ಸಾಲು ಬರುತ್ತದೆ. ಅಂದು ರಾತ್ರಿ ತಂಬಿ ತನ್ನ ಫೋನಿಗೆ ತಾನೇ ಬೀಗ ಹಾಕಲು ಕೂರುತ್ತಾನೆ. ಹೊರಗಿನ ರಾಮ್ ಒಳಗಿರುವಾಗಲೇ ಬೀಗ ಹಾಕಿದರೆ ಫೋನು ಮತ್ತೆ ಏಳದಿರಬಹುದು, ಆದ್ದರಿಂದ ಮೊದಲು ಕಂಪನಿಯ ಮೂಲ ತಂತ್ರಾಂಶ ತುಂಬುತ್ತಾನೆ. ಬೀಗ ಬೀಳುವಾಗಲೂ ಎಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಅದಕ್ಕೂ ಮೊದಲು ಬ್ಯಾಕಪ್ ತೆಗೆಯುತ್ತಾನೆ. ಎರಡು ಕಡೆ ತೆಗೆಯುತ್ತಾನೆ.

ಮಾವ ಮುಂದಿನ ವಾರ ಕರೆ ಮಾಡಿದಾಗ, “ಸರ್ವಿಸ್ ಸೆಂಟರಿಗೆ ಕೊಡಿ ಮಾವ, ಈಗೆಲ್ಲ ರೂಲ್ಸ್ ಜಾಸ್ತಿ ಆಗಿದೆ” ಎನ್ನುತ್ತಾನೆ. ಮಾವ ಬಸ್ಸು ಹತ್ತಿ ಹೋಗುತ್ತಾನೆ. ಕೌಂಟರಿನ ಹುಡುಗಿ ಫೋನು ಆನ್ ಮಾಡಿ, ಪರದೆಯ ಮೇಲಿನ ತೆರೆದ ಬೀಗವನ್ನು ನೋಡಿ, ಬೀಗ ತೆಗೆದವರ ಹತ್ತಿರವೇ ಹೋಗಿ ಅಂಕಲ್ ಎಂದು ವಾಪಸ್ ಕೊಡುತ್ತಾಳೆ.