ನಿನ್ನ ಸೊಂಟ ಇಂಗ್ಲಿಷ್ ಮೀಡಿಯಮ್ಮಾ?

ನಾನು ಇಂಗ್ಲಿಷಿನಲ್ಲಿ ಹೇಳಿಕೊಡುವ ಯೋಗದ ಕ್ಲಾಸು ಹುಡುಕುತ್ತಿದ್ದೇನೆ ಅಂತ ಪಕ್ಕದ ಮನೆ ಮಾಸಿಗೆ ಗೊತ್ತಾದದ್ದೇ ತಡ, ಸಂಜೆಯೊಳಗೆ ಇಡೀ ಸೊಸೈಟಿಗೆ ಗೊತ್ತಾಯಿತು. ಸೂರತ್‌ನ ನಮ್ಮ ಅಡಾಜಣ್ ಕಡೆಯ ಫ್ಲ್ಯಾಟುಗಳಲ್ಲಿ ಬಾಲ್ಕನಿಗೂ ಬಾಲ್ಕನಿಗೂ ನಡುವೆ ಒಂದು ಮೋಟು ಗೋಡೆ. ಮಾಸಿ ಅದರ ಮೇಲೆ ತಟ್ಟೆ ಇಟ್ಟುಕೊಂಡು ತೊಗರಿಕಾಯಿ ಬಿಡಿಸುತ್ತಾ ಕೇಳಿದರು: "ಯೋಗ ಇಂಗ್ಲಿಷಿನಲ್ಲಿ ಯಾಕೆ ಬೇಟಾ? ನಿನ್ನ ಸೊಂಟ ಇಂಗ್ಲಿಷ್ ಮೀಡಿಯಮ್ಮಾ?"

ನಗಬೇಡಿ, ನನ್ನ ಕಷ್ಟ ನನಗೆ. ಯಜಮಾನರಿಗೆ ಹಜೀರಾದ ಕಾರ್ಖಾನೆಯಲ್ಲಿ ಕೆಲಸ. ನನ್ನದು ಸೀರಿಯಲ್ ನೋಡಿ ಕಲಿತ ಹಿಂದಿ. ಗುಜರಾತಿ ಅಂದರೆ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು. ಡಾಕ್ಟರು ಸೊಂಟದ ಎಕ್ಸ್‌ರೇ ಬೆಳಕಿಗೆ ಹಿಡಿದು, "ಯೋಗ ಮಾಡಿ, ಆದರೆ ಮುಂದಕ್ಕೆ ಬಗ್ಗುವ ಆಸನ ಒಂದೂ ಬೇಡ" ಅಂದುಬಿಟ್ಟಿದ್ದಾರೆ. ಇದನ್ನು ಯೋಗದ ಮೇಷ್ಟ್ರಿಗೆ ಸರಿಯಾಗಿ ತಿಳಿಸಬೇಕೋ ಬೇಡವೋ?

ಈ ಊರಿನಲ್ಲಿ ಯೋಗಕ್ಕೇನೂ ಬರವಿಲ್ಲ. 2023ರ ಜೂನ್ 21ರಂದು ಡುಮಸ್ ರಸ್ತೆಯುದ್ದಕ್ಕೂ ಸುಮಾರು ಒಂದೂವರೆ ಲಕ್ಷ ಜನ ಒಟ್ಟಿಗೆ ಯೋಗ ಮಾಡಿ ಗಿನ್ನೆಸ್ ದಾಖಲೆ ಬರೆದ ಊರು ಇದು. ಮಾಸಿಯೂ ಅದರಲ್ಲಿ ಒಬ್ಬರು. "ನನಗೆ ಮುಂದಿದ್ದವಳ ಜಡೆ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ ರೆಕಾರ್ಡ್ ಆಯಿತು ನೋಡು" ಅನ್ನುತ್ತಾರೆ. ಗುಜರಾತಿನಲ್ಲಿ ಯೋಗಕ್ಕೆಂದೇ ರಾಜ್ಯ ಸರ್ಕಾರದ ಒಂದು ಬೋರ್ಡ್ ಇದೆ. ಬೆಳಿಗ್ಗೆ ಯಾವ ಗಾರ್ಡನ್ನಿಗೆ ಹೋದರೂ ಒಂದು ಮೂಲೆಯಲ್ಲಿ ಯಾರೋ ಒಬ್ಬರು ಮೈಕು ಸಿಕ್ಕಿಸಿಕೊಂಡು ನಿಂತಿರುತ್ತಾರೆ, ಎದುರಿಗೆ ಚಾಪೆಗಳ ಸಾಲು.

ಮೊದಲು ಹೋಗಿದ್ದು ಅಂಥದ್ದಕ್ಕೇ. ತಾಡಾಸನ, ಭುಜಂಗಾಸನ ಎಲ್ಲ ನಮ್ಮವೇ ಹೆಸರು. "ಶ್ವಾಸ್ ಲೋ, ಶ್ವಾಸ್ ಛೋಡೋ" ಅಂದರೆ ಯಾರಿಗೆ ತಿಳಿಯುವುದಿಲ್ಲ? ತೊಂದರೆ ಶುರುವಾಗುವುದು ಮೇಷ್ಟ್ರು ತಿದ್ದುವುದಕ್ಕೆ ನಿಂತಾಗ. ಯಾವುದೋ ಅಂಗವನ್ನು ಎಲ್ಲಿಗೋ ತಿರುಗಿಸಿ ಅನ್ನುತ್ತಾರೆ. ನಾನು ಪಕ್ಕದವಳನ್ನು ನೋಡುತ್ತೇನೆ, ಅವಳು ತನ್ನ ಪಕ್ಕದವಳನ್ನು ನೋಡುತ್ತಿರುತ್ತಾಳೆ. ನಾನು ಕತ್ತು ತಿರುಗಿಸಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಎಲ್ಲರೂ ಇನ್ನೊಂದು ಮಗ್ಗುಲಿಗೆ ಹೊರಳಿ ಆಗಿರುತ್ತದೆ. "ತಕಲೀಫ್ ಛೇ?" ಅಂತ ಮೇಷ್ಟ್ರು ಕೇಳಿದರು. ನಾನು ಸೊಂಟ ಮುಟ್ಟಿ ತೋರಿಸಿದೆ. ಅವರು ಸಂತೋಷದಿಂದ ತಲೆಯಾಡಿಸಿ ಮುಂದೆ ಹೋದರು.

ಆಮೇಲೆ ವೇಸು ಕಡೆ ವಿಚಾರಿಸಿದೆ. ಅಲ್ಲೆಲ್ಲ ಗಾಜಿನ ಕಟ್ಟಡಗಳು. ಮೇಲಿನ ಮಹಡಿಯಲ್ಲಿ ಒಂದು ಸ್ಟುಡಿಯೋ. ಏಸಿ, ಊದುಬತ್ತಿ, ಎಲ್ಲಿಂದಲೋ ಕೊಳಲು. ಹೇಳಿಕೊಡುವ ಹುಡುಗಿ ಚೆಂದದ ಇಂಗ್ಲಿಷಿನಲ್ಲಿ ಬರಮಾಡಿಕೊಂಡಳು. ಸದ್ಯ ಗೆದ್ದೆ ಅಂದುಕೊಂಡೆ. ಕ್ಲಾಸು ಅರ್ಧ ಆಗುವ ಹೊತ್ತಿಗೆ ಅವಳ ಇಂಗ್ಲಿಷಿಗೂ ಸುಸ್ತಾಗಿ, "ಇನ್‌ಹೇಲ್, ಹಾಥ್ ಊಪರ್, ಔರ್ ಥೋಡಾ, ಚಲೋ ಚಲೋ" ಅಂತ ಇಳಿದಿತ್ತು. ಮುಗಿದ ಮೇಲೆ ಫೀಸಿನ ಹಾಳೆ ಕೊಟ್ಟಳು. ಅದರಲ್ಲಿ ಎಲ್ಲಕ್ಕಿಂತ ದುಬಾರಿ ಕ್ಲಾಸಿನ ಹೆಸರು 'ಮೈಸೂರು ಸ್ಟೈಲ್'.

ನಾನು ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿ ಬೆಳೆದವಳು. ಆ ಹುಡುಗಿ ನನಗೆ ಮೈಸೂರು ಸ್ಟೈಲ್ ಅಂದರೇನು ಅಂತ ತಾಳ್ಮೆಯಿಂದ ವಿವರಿಸಿದಳು. ಪಟ್ಟಾಭಿ ಜೋಯಿಸರ ಪದ್ಧತಿ. ಒಟ್ಟಿಗೆ ಡ್ರಿಲ್ ಮಾಡಿಸುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಉಸಿರಿನ ಲೆಕ್ಕಕ್ಕೆ ತಾವೇ ಮಾಡಿಕೊಂಡು ಹೋಗುವುದು, ಗುರುಗಳು ಓಡಾಡುತ್ತಾ ಕೈಯಿಂದ ತಿದ್ದುವುದು. ಸರಿಯಾಗಿಯೇ ಹೇಳಿದಳು. ಗೋಕುಲಂನಲ್ಲಿ ಬಗಲಲ್ಲಿ ಚಾಪೆಯ ಸುರುಳಿ ಇಟ್ಟುಕೊಂಡು ಎಳನೀರು ಕುಡಿಯುತ್ತಾ ನಿಂತ ಬಿಳಿಯರನ್ನು ನೋಡಿಕೊಂಡೇ ದೊಡ್ಡವಳಾದವಳು ನಾನು. ಆ ಚಾಪೆಗಳು ಎಲ್ಲಿಗೆ ಹೋಗುತ್ತವೆ ಅಂತ ನಮ್ಮ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಜೋಯಿಸರು ಎಣಿಸುತ್ತಿದ್ದುದು ಸಂಸ್ಕೃತದಲ್ಲಿ, ಏಕಂ, ದ್ವೇ, ತ್ರೀಣಿ ಅಂತ. ಜಪಾನಿನವರೂ ಬ್ರೆಜಿಲಿನವರೂ ಅದಕ್ಕೇ ಕಾಲೆತ್ತುತ್ತಿದ್ದರು.

ಇದನ್ನೆಲ್ಲ ಮಾಸಿಗೆ ವರದಿ ಒಪ್ಪಿಸಿ, ಬಿಟ್ಟುಕೊಡಬಾರದು ಅಂತ ಇನ್ನೊಂದು ಮಾತು ಸೇರಿಸಿದೆ: "ಇಂಗ್ಲಿಷ್ ಯೋಗ ನನ್ನ ಖಯಾಲಿ ಏನಲ್ಲ ಮಾಸಿ, ನಿಮ್ಮ ಸೀಮೆಯದೇ ದಾರಿ." ಸೂರತ್ ಬಳಿಯ ದೇಗಾಮ್‌ನಲ್ಲಿ 1897ರಲ್ಲಿ ಹುಟ್ಟಿದ ಮಣಿಭಾಯಿ ದೇಸಾಯಿ ಅಂತ ಒಬ್ಬರಿದ್ದರು. ಮುಂದೆ ಶ್ರೀ ಯೋಗೇಂದ್ರ ಅಂತ ಹೆಸರಾದವರು. 1918ರಲ್ಲಿ ಮುಂಬಯಿಯ ವರ್ಸೋವಾದಲ್ಲಿ 'ದಿ ಯೋಗ ಇನ್‌ಸ್ಟಿಟ್ಯೂಟ್' ತೆರೆದರು. ಆಗ ಅವರಿಗಿನ್ನೂ ಇಪ್ಪತ್ತೊಂದು. ಅಲ್ಲಿಂದ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್ ಹತ್ತಿರದ ಬೇರ್ ಮೌಂಟನ್‌ನಲ್ಲೂ ಶಾಲೆ ಹೂಡಿದರು.

ಮಾಸಿಯ ತವರೂ ದೇಸಾಯಿಗಳದ್ದೇ. ಮುಖ ಅರಳಿತು. "ದೇಸಾಯಿ ಅಂದ ಮೇಲೆ ಕೇಳಬೇಕೇ!" ಅಂದವರು ಮರುಕ್ಷಣವೇ ಮಗುಚಿ ಹಾಕಿದರು: "ಸರಿ, ಅವರು ಅಮೆರಿಕದವರಿಗೆ ಇಂಗ್ಲಿಷಿನಲ್ಲಿ ಕಲಿಸಿದರು. ನೀನು ಅಮೆರಿಕದವಳಾ?"

ಸೋಲೊಪ್ಪದೆ ನಮ್ಮ ಬಿ.ಕೆ.ಎಸ್. ಅಯ್ಯಂಗಾರರನ್ನು ಮುಂದೆ ತಂದೆ. ಕೋಲಾರ ಸೀಮೆಯ ಬೆಳ್ಳೂರಿನವರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಕೃಷ್ಣಮಾಚಾರ್ಯರು ಅವರಿಗೆ ಅಕ್ಕನ ಗಂಡ. ಆಚಾರ್ಯರೇನೋ 1934ರಲ್ಲಿ 'ಯೋಗ ಮಕರಂದ' ಬರೆದದ್ದು ಅಚ್ಚಗನ್ನಡದ ಓದುಗರಿಗೆ. ಆದರೆ 1937ರಲ್ಲಿ ಪುಣೆಯಿಂದ ಒಬ್ಬ ಮೇಷ್ಟ್ರು ಬೇಕು ಅಂತ ಕರೆ ಬಂದಾಗ ಹದಿನೆಂಟರ ಈ ಭಾವಮೈದನನ್ನು ಕಳಿಸಿದರು. ಯಾಕೆಂದರೆ ಹುಡುಗನಿಗೆ ತುಸು ಇಂಗ್ಲಿಷ್ ಬರುತ್ತಿತ್ತು. ತುಸು ಅಂದರೆ ಎಷ್ಟು? ಮೆಟ್ರಿಕ್ಯುಲೇಷನ್ನಿನಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆಯುವಷ್ಟು. ಮರಾಠಿ ಸೊನ್ನೆ. ಎದುರಿಗೆ ನಿಂತ ಶಿಷ್ಯರೋ ಕಾಲೇಜು ಓದಿದವರು, ವಯಸ್ಸಿನಲ್ಲೂ ಗಾತ್ರದಲ್ಲೂ ಹಿರಿಯರು. ಅದೇ ಮನುಷ್ಯ 1966ರಲ್ಲಿ ಇಂಗ್ಲಿಷಿನಲ್ಲಿ 'ಲೈಟ್ ಆನ್ ಯೋಗ' ಬರೆದು ಲೋಕವನ್ನೇ ಚಾಪೆಯ ಮೇಲೆ ನಿಲ್ಲಿಸಿದರು.

"ಹಾಗಾದರೆ ನಿಮ್ಮವರು ಹೆಚ್ಚು ಕೈಯಿಂದಲೇ ಕಲಿಸಿರಬೇಕು" ಅಂದರು ಮಾಸಿ. ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಯ್ಯಂಗಾರರ ಕೈಯೇಟಿನ ರುಚಿ ಕಂಡ ಶಿಷ್ಯರು ದೇಶವಿದೇಶದಲ್ಲಿದ್ದಾರೆ.

ಮರುದಿನ ಮಾಸಿ ನನ್ನನ್ನು ಗಾರ್ಡನ್ನಿಗೆ ಎಳೆದುಕೊಂಡು ಹೋದರು. ಸಾಲಿನಲ್ಲಿ ನಿಂತವರೇ ಮೈಕು ಬೇಡದ ಗಂಟಲಲ್ಲಿ ಮೇಷ್ಟ್ರಿಗೆ ಕೂಗಿ ಹೇಳಿದರು, ಈ ಮೈಸೂರಿನವಳ ಬೆನ್ನಿನ ಮಣಿ ಜಾರಿದೆ, ಇವಳನ್ನು ಮುಂದಕ್ಕೆ ಬಗ್ಗಿಸಬೇಡಿ ಅಂತ. ಇಡೀ ಗಾರ್ಡನ್ ತಿರುಗಿ ನನ್ನ ಸೊಂಟ ನೋಡಿತು. ಮೇಷ್ಟ್ರು ಹತ್ತಿರ ಬಂದು, ಕಾಲಿಗೆ ಜೋಮು ಹಿಡಿಯುತ್ತದೆಯೇ, ಕೂತರೆ ಹೆಚ್ಚೋ ಮಲಗಿದರೆ ಹೆಚ್ಚೋ ಅಂತ ವಿಚಾರಿಸಿದರು. ಮಾಸಿ ನಡುವೆ ನಿಂತು ದುಭಾಷಿ. ಎಲ್ಲರೂ ಪಶ್ಚಿಮೋತ್ತಾನಾಸನಕ್ಕೆ ಬಾಗುವಾಗ ನನಗೀಗ ಮಕರಾಸನದಲ್ಲಿ ಬೋರಲು ಮಲಗುವ ಪರವಾನಗಿ ಇದೆ.

ಕ್ಲಾಸಿನ ಫೀಸು ಸೊನ್ನೆ, ಖರ್ಚೆಲ್ಲ ಆಮೇಲಿನದು. 'ಸೂರತ್ ನೂ ಜಮಣ್, ಕಾಶೀ ನೂ ಮರಣ್' ಅನ್ನುವ ಜನ ಇವರು. ಊಟಕ್ಕೆ ಸೂರತ್, ಸಾವಿಗೆ ಕಾಶಿ. ಗೇಟಿನಾಚೆಯ ಗಾಡಿಯವನು ಹಬೆಯಾಡುವ ಕಡಲೆಬೇಳೆ ಹಿಟ್ಟನ್ನು ಸಟ್ಟುಗದಲ್ಲಿ ಕೆರೆದು ತಟ್ಟೆಗೆ ಹಾಕುತ್ತಾನೆ. ಖಮಣ್‌ನಂತೆ ತುಂಡಾಗಿ ನಿಲ್ಲದೆ ಮುದ್ದೆಮುದ್ದೆಯಾಗಿ ಬೀಳುವ ಇದೇ ಲೋಚೋ. ಮೇಲೆ ಹಸಿ ಎಣ್ಣೆ, ಮಸಾಲೆ, ಸೇವು, ಈರುಳ್ಳಿ, ಹಸಿರು ಚಟ್ನಿ. ಕರಗಿಸಿದ್ದು ಅಲ್ಲಿಗೆ ವಾಪಸ್.

ಹೊಸದಾಗಿ ಈ ಕಡೆ ಬರುವ ನಮ್ಮವರಿಗೆ ಒಂದು ಮಾತು. ಕ್ಲಾಸು ಯಾವ ಭಾಷೆಯದು ಅಂತ ಕೇಳುವ ಮೊದಲು ನೋವಿರುವ ಜಾಗ ತೋರಿಸಿ ನೋಡಿ. ಮೇಷ್ಟ್ರು ನಿಂತು ನಾಲ್ಕು ಪ್ರಶ್ನೆ ಕೇಳಿದರೆ ಸೇರಿಕೊಳ್ಳಿ. ಮಾತು ಬಾರದಿದ್ದರೆ ಒಬ್ಬ ಮಾಸಿಯನ್ನು ಹಿಡಿದುಕೊಳ್ಳಿ. "ಎಲ್ಲ ಸರಿಹೋಗುತ್ತೆ" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ, ಅದನ್ನು ಎಂಥ ಇಂಗ್ಲಿಷಿನಲ್ಲೇ ಹೇಳಿರಲಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬನ್ನಿ.